ಗೇಟಿನ ಲೆಕ್ಕ ಕೆ.ಜಿ.ಯಲ್ಲೂ ಇಲ್ಲ, ಚದರಡಿಯಲ್ಲೂ ಇಲ್ಲ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹೋಂಸ್ಟೇ, ತೋಟದ ಮನೆ ಕಟ್ಟಿಸುವ ಅನೇಕರು ಈಗ ಕೈಯಲ್ಲಿ ಬಡಿದು ಮಾಡಿದ ಕಬ್ಬಿಣದ ಗೇಟು, ಕಿಟಕಿ ಸರಳು, ಮೆಟ್ಟಿಲ ಕಟಾಂಜನ ಬೇಕೆನ್ನುತ್ತಾರೆ. ನಮ್ಮ ಕುಲುಮೆಗಳಿಗೆ ಕೆಲಸ ಸಿಗುವುದು ಸಂತೋಷವೇ. ಆದರೆ ಅವರ ಮೊದಲ ಪ್ರಶ್ನೆ ‘ಕೆ.ಜಿ.ಗೆ ಎಷ್ಟು?’, ಇಲ್ಲವೇ ‘ಚದರಡಿಗೆ ಎಷ್ಟು?’. ಕೆಲಸ ಹದಗೆಡುವುದು ಅಲ್ಲಿಂದಲೇ.

ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಟ್ಟರೆ ದಪ್ಪ ಸರಳು ತುಂಬಿದವನಿಗೆ ಲಾಭ. 12 ಮಿ.ಮೀ. ಚೌಕ ಸರಳು ಮೀಟರಿಗೆ 1.13 ಕೆ.ಜಿ. ತೂಗುತ್ತದೆ, 16 ಮಿ.ಮೀ.ದು 2 ಕೆ.ಜಿ. 12 ಸಾಕಾಗುವ ಕಿಟಕಿಗೆ 16 ಹಾಕಿದರೆ ಬಿಲ್ಲು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಕೈಕೆಲಸ ಮಾತ್ರ ಅಷ್ಟೇ. ಅದೇ ಸರಳಿನ ತುದಿಯನ್ನು ನಾಲ್ಕೈದು ಸಲ ಕಾಯಿಸಿ, ಬಡಿದು, ಸುರುಳಿ ಮಾಡಿದರೆ ತೂಕ ಒಂದು ಗ್ರಾಮೂ ಏರುವುದಿಲ್ಲ. ಕಿಟ್ಟ ಉದುರಿ ಇಳಿದೀತು. ಚದರಡಿ ಲೆಕ್ಕದ್ದು ಇದರ ತಿರುಗುಮುರುಗು. ಅಲ್ಲಿ ತೆಳು ಪೈಪು ಹಾಕಿದವನೇ ಜಾಣ. ಎರಡರಲ್ಲೂ ಸುತ್ತಿಗೆ ಕೆಲಸಕ್ಕೆ ಕೂಲಿಯೇ ಹುಟ್ಟುವುದಿಲ್ಲ.

ಹೀಗಾಗಿ ಕೈಕೆಲಸದ ಹೆಸರಿನಲ್ಲಿ ಮನೆಗೆ ಬಂದು ನಿಲ್ಲುವುದು ಎಷ್ಟೋ ಸಲ ಸ್ಕ್ವೇರ್ ಪೈಪಿನ ಚೌಕಟ್ಟು, ಅದಕ್ಕೆ ಅಂಟಿಸಿದ, ಅಚ್ಚಿನಲ್ಲಿ ಎರೆದ ಬೀಡು ಕಬ್ಬಿಣದ ಹೂವು, ಎಲೆ, ಭರ್ಜಿ ಮೊನೆ. ಗುರುತಿಸುವುದು ಕಷ್ಟವಲ್ಲ. ಬೀಡಿನ ಹೂವಿನ ಅಂಚಿನಲ್ಲಿ ಅಚ್ಚು ಕೂಡಿದ ಗೆರೆ ಇರುತ್ತದೆ, ಇಪ್ಪತ್ತು ಹೂವಿದ್ದರೆ ಇಪ್ಪತ್ತರಲ್ಲೂ ಒಂದೇ ಜಾಗದಲ್ಲಿ ಒಂದೇ ಉಬ್ಬು. ಗ್ರೈಂಡರ್ ತಾಗಿಸಿ ನೋಡಿದರೆ ಬೀಡಿನ ಕಿಡಿ ಮಂದ ಕೆಂಪು, ಗಿಡ್ಡ, ಎಂ.ಎಸ್. (ಮೆದು ಉಕ್ಕಿನ) ಸರಳಿನದು ಉದ್ದಕ್ಕೆ ಹಾರುತ್ತದೆ. ಬೀಡನ್ನು ಮಾಮೂಲಿ ವೆಲ್ಡಿಂಗ್ ರಾಡಿನಲ್ಲಿ ಕೂಡಿಸಿದರೆ ಬೆಸುಗೆಯ ಪಕ್ಕದ ಪಟ್ಟಿ ಗಾಜಿನಂತೆ ಪೆಡಸಾಗಿ, ಗೇಟು ನಾಲ್ಕು ಸಲ ಬಡಿದುಕೊಂಡರೆ ಅಲ್ಲೇ ಸೀಳುತ್ತದೆ. ಪೈಪಿನ ಕಥೆ ಬೇರೆ. ಅದನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ.

ನಿಜವಾದ ಕೆಲಸ ಶುರುವಾಗುವುದು ಕುಲುಮೆಯಲ್ಲಲ್ಲ, ನೆಲದ ಮೇಲೆ. ಗೇಟಿನ ಪೂರ್ತಿ ಅಳತೆಯ ಚಿತ್ರವನ್ನು ಸೀಮೆಸುಣ್ಣದಲ್ಲಿ ಬರೆದು, ಸುರುಳಿಯ ಗೆರೆಯ ಮೇಲೆ ದಾರ ಇಟ್ಟು ಉದ್ದ ತೆಗೆಯಬೇಕು. ತುದಿ ಚೂಪಾಗುವ ಕಡೆ ಲೆಕ್ಕ ಬೇರೆ: 150 ಮಿ.ಮೀ. ಉದ್ದದ ಮೊನೆಗೆ ಬೇಕಾಗುವುದು 50 ಮಿ.ಮೀ. ಸರಳು ಮಾತ್ರ, ಬಡಿದಾಗ ಮೂರು ಪಟ್ಟು ಎಳೆಯುತ್ತದೆ. ಇದನ್ನು ಮರೆತು 150 ಪೂರ್ತಿ ಕತ್ತರಿಸಿಕೊಂಡರೆ ಸುರುಳಿ ಒಂದು ಸುತ್ತು ಹೆಚ್ಚಾಗಿ ಚೌಕಟ್ಟಿನಲ್ಲಿ ಕೂರುವುದಿಲ್ಲ. ಬಡಿಯಬೇಕಾದದ್ದು ಕಿತ್ತಳೆಯಿಂದ ಹಳದಿ ಬಣ್ಣದ ಕಾವಿನಲ್ಲಿ, ಅಂದರೆ ಸುಮಾರು 950ರಿಂದ 1,150 ಡಿಗ್ರಿ ಸೆಲ್ಸಿಯಸ್. ಮಂದ ಕೆಂಪಿಗೆ ಇಳಿದ ಮೇಲೆಯೂ ಬಡಿಯುತ್ತಿದ್ದರೆ ಮೊನೆಯ ತುದಿ ಒಳಗೆ ಟೊಳ್ಳಾಗಿ, ಮೀನಿನ ಬಾಯಿಯಂತೆ ಸೀಳಿಕೊಳ್ಳುತ್ತದೆ. ಅತಿ ಕಾದು ಕಿಡಿ ಉಗುಳಿದರೆ ಆ ತುಂಡು ಸುಟ್ಟಂತೆಯೇ, ಕತ್ತರಿಸಿ ಎಸೆಯಬೇಕು.

ಸರಳು ಆರಿಸುವಲ್ಲೂ ಎಚ್ಚರ ಬೇಕು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗುತ್ತಿದ್ದ ಕಾಲ ಮುಗಿಯಿತು, ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಅದಿರಿನ ನಾಡಿನ ಕುಲುಮೆಗೂ ಇವತ್ತು ಅಂಗಡಿಯ ಸರಳೇ ಗತಿ. ಗುಜರಿ ಕರಗಿಸಿ ಎಳೆದ ಅಗ್ಗದ ಸರಳಿನಲ್ಲಿ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ತಿರುಚಿದಾಗ ಉದ್ದಕ್ಕೆ ಬಿರುಕು ಬಿಡುತ್ತದೆ. ಪ್ರತಿ ಕಟ್ಟಿನಿಂದ ಒಂದು ತುಂಡು ಕಾಯಿಸಿ ತಿರುಚಿ ನೋಡಿದರೆ ಗೊತ್ತಾಗಿಬಿಡುತ್ತದೆ. ಕಾಂಕ್ರೀಟಿಗೆ ಹಾಕುವ ಟಿಎಂಟಿ ಕಂಬಿಯಂತೂ ಈ ಕೆಲಸಕ್ಕೆ ಬೇಡವೇ ಬೇಡ.

ಗೇಟಿನ ಆಯುಷ್ಯ ನಿಂತಿರುವುದು ಜೋಡಣೆಯ ಮೇಲೆ. 16 ಮಿ.ಮೀ. ಸರಳಿನ ತುದಿಯಲ್ಲಿ 10 ಮಿ.ಮೀ. ದುಂಡನೆಯ ಕೂಸು (ತೂತಿನಲ್ಲಿ ಕೂರುವ ಸಣ್ಣ ಗೂಟ) ತೆಗೆದು, ಚೌಕಟ್ಟಿನ ಪಟ್ಟಿಯ 10.5 ಮಿ.ಮೀ. ತೂತಿನಲ್ಲಿ ತೂರಿಸಿ, ಆಚೆ ಉಳಿದ ಭಾಗವನ್ನು ಕಾಯಿಸಿ ತಲೆ ಬಡಿಯುವುದು ಹಳೆಯ ಪದ್ಧತಿ. ಆಚೆ ಸುಮಾರು 15 ಮಿ.ಮೀ. ಉಳಿಯಬೇಕು. ಕಡಿಮೆಯಾದರೆ ತಲೆ ಕಟ್ಟುವುದಿಲ್ಲ, ಹೆಚ್ಚಾದರೆ ಕೂಸು ಬಾಗಿ ಮಲಗುತ್ತದೆ. ಕೂಸಿನ ಬುಡದ ಭುಜ ಸಪಾಟಾಗಿರಬೇಕು. ಅಲ್ಲಿ ಒಂದು ಮಿಲಿಮೀಟರ್ ಉಬ್ಬು ಉಳಿದರೂ ಸರಳು ಪಟ್ಟಿಗೆ ಅಂಟಿ ಕೂರದೆ ಸಂದಿ ಬಿಡುತ್ತದೆ, ಮಳೆ ನೀರು ಮನೆ ಮಾಡುವುದು ಆ ಸಂದಿಯಲ್ಲೇ.

ಎರಡು ಸುರುಳಿ ಕೂಡುವ ಕಡೆ ಹಾಕುವ ಕಾಲರ್, ಅಂದರೆ ಸರಳುಗಳನ್ನು ಸುತ್ತಿ ಹಿಡಿಯುವ ಪಟ್ಟಿ, ಇನ್ನೂ ನಾಜೂಕು. 12 ಮಿ.ಮೀ.ನ ಎರಡು ಸರಳನ್ನು ಪಕ್ಕಪಕ್ಕ ಇಟ್ಟರೆ ಸುತ್ತಳತೆ 72 ಮಿ.ಮೀ. ಕಾಲರ್ ಪಟ್ಟಿ 5 ಮಿ.ಮೀ. ದಪ್ಪವಿದ್ದರೆ ಅದರ ಎರಡೂವರೆ ಪಟ್ಟು ಸೇರಿಸಿ 84-85ಕ್ಕೆ ಕತ್ತರಿಸಿ, ಒಂದನ್ನು ಸುತ್ತಿ ನೋಡಿ, ಆಮೇಲೆ ಉಳಿದವನ್ನು ಕತ್ತರಿಸಬೇಕು. ಕೆಂಪಗೆ ಕಾದಾಗ ಸುತ್ತಿದ ಕಾಲರ್ ತಣಿಯುವಾಗ ಮುಕ್ಕಾಲು ಮಿಲಿಮೀಟರಿನಷ್ಟು ಕುಗ್ಗಿ ಹಿಡಿ ಬಿಗಿ ಮಾಡುತ್ತದೆ. ತಣ್ಣಗೆ ಬಗ್ಗಿಸಿ ಹಿಂದೆ ವೆಲ್ಡ್ ಚುಕ್ಕೆ ಇಟ್ಟದ್ದು ಅಲಂಕಾರಕ್ಕಷ್ಟೇ. ವೆಲ್ಡಿಂಗ್ ಕೂಡದೆಂಬ ಮಡಿ ನಮಗಿಲ್ಲ. ಕಣ್ಣಿಗೆ ಬೀಳದ ಕಡೆ, ಪೂರ್ತಿ ಆಳಕ್ಕೆ ಹೋಗುವಂತೆ ಮಾಡಿ ಕಿಟ್ಟ ಕೆರೆದು ತೆಗೆದರೆ ಸರಿ.

ಇನ್ನು ಮಲೆನಾಡಿನ ಮಳೆ. ‘ರೆಡ್ ಆಕ್ಸೈಡ್ ಎರಡು ಕೋಟು ಹೊಡೆದಿದ್ದೇವೆ’ ಎಂಬ ಮಾತನ್ನು ನಂಬಿ ಕೂರಬೇಡಿ. ಕಾಯಿಸಿ ಬಡಿದ ಕಬ್ಬಿಣದ ಮೈಮೇಲೆ ನೀಲಿಗಪ್ಪು ಪೊರೆ ಇರುತ್ತದೆ. ಅದರ ಮೇಲೆ ಎಷ್ಟು ಒಳ್ಳೆಯ ಬಣ್ಣ ಹಚ್ಚಿದರೂ ಪೊರೆ ಎದ್ದಾಗ ಬಣ್ಣವೂ ಹಪ್ಪಳದ ಹಾಗೆ ಎದ್ದು ಬರುತ್ತದೆ. ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿ (ಸ್ಯಾಂಡ್‌ಬ್ಲಾಸ್ಟಿಂಗ್) ಬೂದು ಮೈ ಬರಿಸಿ, ಅವತ್ತೇ, ಸಾಧ್ಯವಾದರೆ ನಾಲ್ಕು ಗಂಟೆಯೊಳಗೆ ಪ್ರೈಮರ್ ಹಚ್ಚಬೇಕು. ಗಾಳಿಯ ತೇವ ಶೇ 85 ದಾಟಿದ ದಿನ ಬ್ರಷ್ ಮುಟ್ಟಬಾರದು. ಅಂದಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದಲ್ಲೋ ಕೊಪ್ಪದಲ್ಲೋ ಬಯಲಿನಲ್ಲಿ ಬಣ್ಣ ಹಚ್ಚಿಸುವುದು ದುಡ್ಡು ಹೊಳೆಗೆ ಹಾಕಿದ ಹಾಗೆ. ಗೃಹಪ್ರವೇಶ ಆಷಾಢ ಕಳೆದ ಮೇಲೆ ಎಂದು ಗೇಟನ್ನು ಜುಲೈನಲ್ಲಿ ಕೇಳುವವರು ದಯವಿಟ್ಟು ಫೆಬ್ರುವರಿಯಲ್ಲೇ ಹೇಳಿ.

ಬಿಸಿ ಸತುವಿನ ತೊಟ್ಟಿಯಲ್ಲಿ ಅದ್ದಿ ತೆಗೆಸಿದರೆ ಬಾಳಿಕೆ ಚೆನ್ನಾಗಿದೆ, ನಿಜ. ಆದರೆ ಅದ್ದುವ ಮುಂಚೆ ಆಸಿಡ್‌ನಲ್ಲಿ ತೊಳೆಯುತ್ತಾರೆ. ಕಾಲರ್ ಸಂದಿಗಳಲ್ಲಿ ಆಸಿಡ್ ಉಳಿದರೆ ಮುಂದೆ ಅಲ್ಲಿಂದ ಕಂದು ನೀರು ಸೋರುತ್ತದೆ. ಕಾಲರ್, ರಿವೆಟ್ ಹೆಚ್ಚಿರುವ ಕೆಲಸಕ್ಕೆ ಮರಳು ಹೊಡೆಸಿ ಸತುವನ್ನು ಸ್ಪ್ರೇ ಮಾಡಿಸುವುದು ವಾಸಿ. ಸತು ಹತ್ತಿದ ಕಬ್ಬಿಣವನ್ನು ಮುಚ್ಚಿದ ಕೋಣೆಯಲ್ಲಿ ವೆಲ್ಡ್ ಮಾಡಿಸಬೇಡಿ. ಆ ಬಿಳಿ ಹೊಗೆ ಕುಡಿದ ಹುಡುಗನಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಕೂರಿಸುವುದರ ಬಗ್ಗೆ ಒಂದೇ ಲೆಕ್ಕ ಹೇಳುತ್ತೇವೆ. ಒಂದೂವರೆ ಮೀಟರ್ ಅಗಲದ, 100 ಕೆ.ಜಿ. ತೂಕದ ಬಾಗಿಲು, ಮೇಲಿನ ಕೆಳಗಿನ ಕೀಲುಗಳ ನಡುವೆ 1.2 ಮೀಟರ್ ಅಂತರ. ಮೇಲಿನ ಕೀಲು ಕಂಬವನ್ನು ಹಗಲೂ ರಾತ್ರಿ 62.5 ಕೆ.ಜಿ. ಬಲದಿಂದ ಅಡ್ಡಕ್ಕೆ ಎಳೆಯುತ್ತಿರುತ್ತದೆ. ಸಿಮೆಂಟ್ ಇಟ್ಟಿಗೆಯ ಕಂಬಕ್ಕೆ ಮೂರಿಂಚಿನ ಬೋಲ್ಟ್ ಹೊಡೆದರೆ ಅದು ಕಿತ್ತು ಬಂದೀತು. ಬೋಲ್ಟ್ ಕಂಬದ ಆಚೆಗೆ ಹಾಯ್ದು ಹಿಂದೆ ಪಟ್ಟಿ ಬೀಳಬೇಕು, ಅಥವಾ ಕಲ್ಲುಕಂಬ ನೆಡಿಸಬೇಕು. ಕೆಳಗಿನ ತಿರುಗಣಿ ಕೂರುವ ಗುಳಿಯಿಂದ ನೀರು ಹೊರಗೆ ಹೋಗಲು ತೂತು ಇಡಿಸಿ.

ಆದ್ದರಿಂದ ಕೊಟೇಶನ್‌ನಲ್ಲಿ ದರಕ್ಕಿಂತ ಮೊದಲು ಸರಳಿನ ಅಳತೆ, ಎಷ್ಟು ಕೂಸು, ಎಷ್ಟು ಕಾಲರ್, ಮೈ ಶುದ್ಧ ಮಾಡುವ ಬಗೆ, ಪ್ರೈಮರ್ ಯಾವುದು ಎಂಬುದನ್ನು ಬರೆಸಿಕೊಳ್ಳಿ. ಕೂಲಿಯನ್ನು ಕೆಲಸದ ಮೇಲೆ ಮಾತಾಡಿ. ಮುಂಗಡ ಕೊಟ್ಟು ಮನೆಗೆ ಹೋಗಿ ಕೂರದೆ, ಬಣ್ಣ ಹಚ್ಚುವ ಹಿಂದಿನ ದಿನ ಶೆಡ್ಡಿಗೆ ಬನ್ನಿ. ಪ್ರತಿ ಸರಳನ್ನೂ ಹಿಡಿದು ಅಲ್ಲಾಡಿಸಿ, ಸಂದಿಗಳಲ್ಲಿ ಕಾಗದದ ಚೂರು ತೂರಿಸಿ ನೋಡಿ. ಕಾಗದ ಹೋಗುವ ಕಡೆ ನೀರೂ ಹೋಗುತ್ತದೆ. ಅಂಥ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಬಣ್ಣ ಬಿದ್ದ ಮೇಲೆ ಆ ಸಂದಿ ಯಾರ ಕಣ್ಣಿಗೂ ಕಾಣುವುದಿಲ್ಲ.

– ಕುಲುಮೆ ಕೆಲಸಗಾರರು, ಹಾಸನ