ಮೆನಿಂಜೈಟಿಸ್: ಜ್ವರ ಬಿಟ್ಟ ಮೇಲೂ ಕೂಸಿನ ತಲೆ ಅಳೆಯಿರಿ

ಮಾನ್ಯ ಸಂಪಾದಕರೇ,

ಎಳೆಗೂಸುಗಳಿಗೆ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು, ಜ್ವರ ಬಿಟ್ಟ ದಿನಕ್ಕೇ ಮುಗಿಯುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆಗಲೇಬೇಕಾದ ಎರಡು ಕೆಲಸಗಳು ನಮ್ಮಲ್ಲಿ ತಪ್ಪಿಹೋಗುತ್ತಿವೆ: ತಲೆಯ ಸುತ್ತಳತೆ ಮತ್ತು ಕಿವಿ ಪರೀಕ್ಷೆ.

ಮಿದುಳಿನ ಒಳಗೆ ನೀರು ಹರಿಯುವ ದಾರಿ ಬಲು ಕಿರಿದು. ಸೋಂಕಿನಿಂದ ಅದು ಕಟ್ಟಿಕೊಂಡರೆ ನೀರು ಹಿಂದೆ ನಿಂತು ತಲೆ ಹಿಗ್ಗುತ್ತದೆ. ಇದೇ ಹೈಡ್ರೋಕೆಫಾಲಸ್. ಕೂಸಿನ ಬುರುಡೆಯ ಮೂಳೆಗಳು ಇನ್ನೂ ಬೆಸೆದಿರುವುದಿಲ್ಲ, ಹಾಗಾಗಿ ಒತ್ತಡ ಏರುತ್ತಿದ್ದರೂ ಮೊದಮೊದಲು ವಾಂತಿ, ಮಂಪರು ಕಾಣದೆ ಇರಬಹುದು. ಹುಟ್ಟಿದ ಮೂರು ತಿಂಗಳು ತಲೆ ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳಲ್ಲಿ ತಿಂಗಳಿಗೆ 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ ಸೆಂ.ಮೀ. ಬೆಳೆಯುವುದು ಸಹಜ. ಒಂದೇ ವಾರದಲ್ಲಿ 1 ಸೆಂ.ಮೀ. ದಾಟಿದರೆ ಕಾಯಬಾರದು. ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಹಾಯಿಸಿ ಮೂರು ಸಲ ಅಳೆದು, ಅದರಲ್ಲಿ ಹೆಚ್ಚಿನದನ್ನು ಬರೆದಿಡಿ. ಹೊಲಿಗೆಯವರ ಹಳೇ ಬಟ್ಟೆ ಟೇಪು ಜಗ್ಗಿರುತ್ತದೆ, ಅದು ಬೇಡ. ನೆತ್ತಿ ಕೂಡುವ ಮೊದಲು ಅಲ್ಲಿಂದಲೇ ಅಲ್ಟ್ರಾಸೌಂಡ್ ಮಾಡಿ ಮಿದುಳನ್ನು ನೋಡಬಹುದು.

ಇನ್ನು ಕಿವಿ. ಸೋಂಕು ಒಳಗಿವಿಗೆ ಇಳಿದರೆ ಕೆಲವೇ ವಾರಗಳಲ್ಲಿ ಅಲ್ಲಿನ ಬಸವನಹುಳದಾಕಾರದ ಶ್ರವಣ ಅಂಗವಾದ ಕಾಕ್ಲಿಯಾದೊಳಗೆ ಮೂಳೆ ಬೆಳೆಯತೊಡಗಬಹುದು. ಆಮೇಲೆ ಕಿವುಡಾದ ಮಗುವಿಗೆ ಕೇಳಿಸಲೆಂದು ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಸಾಧನದ ತಂತಿ ತೂರಿಸುವುದೇ ಕಷ್ಟ. ಚಪ್ಪಾಳೆ ತಟ್ಟಿ ನೋಡಿದರೆ ಸಾಲದು. ಶಬ್ದಕ್ಕೆ ಶ್ರವಣ ನರ ಮತ್ತು ಮಿದುಳು ಸ್ಪಂದಿಸುವುದನ್ನು ಯಂತ್ರದಲ್ಲಿ ಅಳೆಯುವ ಬೇರಾ (BERA) ಪರೀಕ್ಷೆ ಮನೆಗೆ ಕಳಿಸುವ ಮೊದಲೇ, ತಡವೆಂದರೆ ನಾಲ್ಕು ವಾರದೊಳಗೆ ಆಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ.

ರೋಗ ಪತ್ತೆಗೆಂದು ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂಬ ಹೆದರಿಕೆಯಿಂದ ಅನೇಕ ತಂದೆತಾಯಂದಿರು ಒಪ್ಪುವುದಿಲ್ಲ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಕೆಳಗಿನ ಜಾಗಕ್ಕೆ. ತೆಗೆಯುವುದು ಒಂದೆರಡು ಮಿ.ಲೀ. ಅಷ್ಟೇ. ಆ ನೀರು ಸಿಗದಿದ್ದರೆ ಯಾವ ರೋಗಾಣು, ಎಷ್ಟು ದಿನ ಇಂಜೆಕ್ಷನ್ ಎಂಬುದು ಅಂದಾಜಿನ ಮಾತಾಗುತ್ತದೆ. ನವಜಾತ ಶಿಶುವಿಗೆ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಆದರೆ 14 ದಿನ, ಈ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ಆದರೆ ಕನಿಷ್ಠ 21 ದಿನ ರಕ್ತನಾಳಕ್ಕೇ ಔಷಧಿ ಹೋಗಬೇಕು. ಜ್ವರ ಇಳಿಯಿತೆಂದು ಐದನೇ ದಿನ ಸಿರಪ್ ಬರೆಸಿಕೊಂಡು ಹೊರಟರೆ ಉಳಿದ ಸೋಂಕು ಮಿದುಳಿನಲ್ಲಿ ಬಾವು ಕಟ್ಟಬಹುದು.

ಎಳೆಗೂಸಿನಲ್ಲಿ ಕತ್ತು ಬಿಗಿಯುವುದು ಅಪರೂಪ. ಜ್ವರದ ಬದಲು ಮೈ ತಣ್ಣಗಾಗುವುದೂ ಉಂಟು. ಮೊಲೆ ಚೀಪದಿರುವುದು, ಕೀರಲು ಅಳು, ಅಳದೆ ನೆಟ್ಟಗೆ ಹಿಡಿದಾಗಲೂ ಉಬ್ಬಿದ ನೆತ್ತಿ, ಬಾಯಿ ಜಗಿಯುತ್ತ ಸೈಕಲ್ ತುಳಿದಂತೆ ಕಾಲಾಡಿಸುವ ಫಿಟ್ಸ್ ಕಂಡರೆ ಆ ಗಳಿಗೆಯೇ ಹೊರಡಿ. ಬಾಲಗ್ರಹವೆಂದು ಬರೆ ಹಾಕಿಸುತ್ತ ಕಳೆದ ಒಂದು ರಾತ್ರಿಯ ಬೆಲೆಯನ್ನು ಮಗು ಜೀವಮಾನವಿಡೀ ತೆರುತ್ತದೆ.

ಮೆನಿಂಜೈಟಿಸ್ ತರುವ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಪೆಂಟಾವೇಲೆಂಟ್ ಮತ್ತು ಪಿಸಿವಿ (ನ್ಯುಮೋಕಾಕಲ್) ಲಸಿಕೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮೊದಲ ಡೋಸ್ ಆರನೇ ವಾರಕ್ಕೆ.

ಆಶಾ ಕಾರ್ಯಕರ್ತೆಯರು 42ನೇ ದಿನದವರೆಗೂ ಬಾಣಂತಿಯ ಮನೆಗೆ ಹೋಗಿ ಕೂಸಿನ ತೂಕ ನೋಡುತ್ತಾರೆ. ಆರೋಗ್ಯ ಇಲಾಖೆ ಅವರ ಕೈಗೊಂದು ಒಳ್ಳೆಯ ಟೇಪು ಕೊಡಲಿ. ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ಅಂದಿನ ತಲೆಯ ಅಳತೆಯನ್ನೂ ಬೇರಾ ಪರೀಕ್ಷೆಯ ದಿನಾಂಕವನ್ನೂ ಕಡ್ಡಾಯವಾಗಿ ಬರೆಯಲಿ.

– ಮಕ್ಕಳ ವೈದ್ಯೆ, ಹಾವೇರಿ