ಕ್ಯಾಪ್ಟನ್ ಸೆರೆಯಲ್ಲಿದ್ದ ದಿನವನ್ನು ಬರಿ

ಪ್ರೀತಿಯ ತಂಗಿಗೆ,

ಯಾನ್ ಫಾನ್ ಬ್ರಾಕೆಲ್ ಬಗ್ಗೆ ನೀನು ಬರೆದದ್ದನ್ನು ಓದಿದೆ. ಡಚ್ ನೌಕಾಪಡೆ ಅಂದರೆ ಎಲ್ಲರೂ ದೊಡ್ಡ ಅಡ್ಮಿರಲ್‌ಗಳ ಹಿಂದೆ ಹೋಗುತ್ತಾರೆ. ನೀನು ಒಬ್ಬ ಕ್ಯಾಪ್ಟನ್ನನ್ನು ಆರಿಸಿದ್ದು ನನಗೆ ತುಂಬಾ ಹಿಡಿಸಿತು. ಆದರೆ ಪುಟಪುಟದಲ್ಲೂ ಅವನನ್ನು ಧೀರ ಅಂತ ಕರೆದಿದ್ದೀಯ. ಅವನು ಸೆರೆಯಲ್ಲಿದ್ದ ವಿಷಯಕ್ಕೆ ಮಾತ್ರ ಒಂದೇ ಸಾಲು.

ಲೇಖನದ ಜೀವ ಇರುವುದೇ ಅಲ್ಲಿ. 1667ರ ಜೂನ್. ಡಚ್ ಹಡಗುಗಳು ಇಂಗ್ಲೆಂಡಿನ ಮೆಡ್‌ವೇ ನದಿಗೆ ನುಗ್ಗಿವೆ. ಆಜ್ಞೆ ಮೀರಿ ತನ್ನ ನಾವಿಕರನ್ನು ಲೂಟಿಗೆ ದಡಕ್ಕಿಳಿಯಲು ಬಿಟ್ಟ ಅಂತ ಬ್ರಾಕೆಲ್‌ನನ್ನು ಬಂಧಿಸಿದ್ದಾರೆ. ಎದುರಿಗೆ ನದಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ. ಅದರ ಮುಂದೆ ಕಾವಲಿಗೆ ಯೂನಿಟಿ ಅನ್ನುವ ಹಡಗು. ನೀರಿನ ದಾರಿ ಇಕ್ಕಟ್ಟು. ಮೊದಲು ಹೋದವರ ಮೇಲೇ ಗುಂಡೆಲ್ಲ ಬೀಳುತ್ತದೆ. ಆಗ ಇವನು, ನನ್ನನ್ನು ಬಿಡಿ, ನಾನೇ ಮುಂದೆ ಹೋಗುತ್ತೇನೆ ಅಂತ ಕೇಳಿಕೊಳ್ಳುತ್ತಾನೆ. ಇದು ಧೈರ್ಯವೋ, ಮಾನ ಉಳಿಸಿಕೊಳ್ಳುವ ಆತುರವೋ? ನನಗೆ ಎರಡೂ ಕಾಣುತ್ತವೆ. ನೀನೂ ಎರಡನ್ನೂ ಕಾಣಿಸು.

ಸರಪಳಿ ಮುರಿದ ಹೆಸರನ್ನು ಮಾತ್ರ ಅವನಿಗೆ ಕೊಡಬೇಡ. ಅವನು ವಶಪಡಿಸಿಕೊಂಡದ್ದು ಯೂನಿಟಿಯನ್ನು. ಸರಪಳಿ ಮುರಿದದ್ದು ಹಿಂದೆಯೇ ಬಂದ ಪ್ರೊ ಪಾಟ್ರಿಯಾ. ಅದು ಬೆಂಕಿ ಹಡಗು. ಸುಡುವ ಸಾಮಾನು ತುಂಬಿ, ಶತ್ರುವಿನ ಹಡಗಿಗೆ ತಾಗಿಸಿ ಹೊತ್ತಿಸುತ್ತಿದ್ದ ಹಡಗು. ಆ ಜನರಿಗೂ ಜಾಗ ಕೊಡು, ಬ್ರಾಕೆಲ್ ಅದರಿಂದ ಸಣ್ಣವನಾಗುವುದಿಲ್ಲ.

ಇಂಗ್ಲಿಷ್ ನಾವಿಕರನ್ನೂ ಮರೆಯಬೇಡ. ಅವರಿಗೆ ಸಂಬಳದ ಬದಲು, ದುಡ್ಡು ಆಮೇಲೆ ಕೊಡುತ್ತೇವೆ ಅನ್ನುವ ಚೀಟಿ ಕೊಡುತ್ತಿದ್ದರು. ಕೆಲವರು ಡಚ್ ಹಡಗುಗಳಲ್ಲೇ ಸೇರಿಕೊಂಡಿದ್ದರು. ಮೊದಲು ಚೀಟಿಗಾಗಿ ಹೋರಾಡಿದೆವು, ಈಗ ದುಡ್ಡಿಗಾಗಿ ಅಂತ ಅವರು ಕೂಗಿದರೆಂದು ನೌಕಾಪಡೆಯ ಅಧಿಕಾರಿ ಸ್ಯಾಮುಯೆಲ್ ಪೀಪ್ಸ್ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಎಂಥ ಸಂಕಟದ ಮಾತು ಅಲ್ವಾ?

ತಾರೀಖು ನೋಡಿಕೋ. ಆಗ ಇಬ್ಬರ ಕ್ಯಾಲೆಂಡರೂ ಬೇರೆ, ಹತ್ತು ದಿನದ ವ್ಯತ್ಯಾಸ. ಸರಪಳಿ ಮುರಿದ ದಿನ ಇಂಗ್ಲಿಷರಿಗೆ ಜೂನ್ 12, ಡಚ್ಚರಿಗೆ ಜೂನ್ 22. ನೀನು ಎರಡನ್ನೂ ಬೆರೆಸಿದ್ದೀಯ.

1672ರ ಸೋಲ್‌ಬೇ ಕದನದಲ್ಲಿ ಅವನು ತನ್ನ ಹಡಗಿಗಿಂತ ಎಷ್ಟೋ ದೊಡ್ಡದಾದ, 100 ಫಿರಂಗಿಗಳ ಇಂಗ್ಲಿಷ್ ಹಡಗು ರಾಯಲ್ ಜೇಮ್ಸ್ ಮೇಲೆ ಬಿದ್ದದ್ದನ್ನು ಚೆನ್ನಾಗಿ ಬರೆದಿದ್ದೀಯ. ಅದನ್ನು ಮುಟ್ಟಬೇಡ. 1690ರ ಬೀಚಿ ಹೆಡ್ ಕದನವನ್ನು ಮಾತ್ರ ಸ್ವಲ್ಪ ಬೆಳೆಸು. ಅಲ್ಲಿ ಫ್ರೆಂಚರ ವಿರುದ್ಧ ಡಚ್ಚರೂ ಇಂಗ್ಲಿಷರೂ ಒಂದೇ ಕಡೆ. ಯಾರ ನದಿಗೆ ನುಗ್ಗಿ ಹೆಸರು ಮಾಡಿದನೋ, ಅವರ ಜೊತೆಗೇ ನಿಂತು ಸತ್ತ. ಇಷ್ಟು ದೊಡ್ಡ ತಿರುವನ್ನು ಸುಮ್ನೆ ಬಿಟ್ಟುಬಿಟ್ಟಿದ್ದೀಯ.

ಸೆರೆಯಿಂದಲೇ ಶುರು ಮಾಡಿ ಇನ್ನೊಮ್ಮೆ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ