ಕುಬ್ಜ ಗ್ಯಾಲಕ್ಸಿಯ ಸುದ್ದಿಗೆ ಇನ್ನೆರಡು ಪ್ಯಾರಾ ಕೊಡಿ

ಸಂಪಾದಕರೇ,

ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಸೆಳೆತದಿಂದಷ್ಟೇ ಗೊತ್ತಾಗುವ ವಸ್ತು) ಸಿದ್ಧಾಂತ ಬಿದ್ದೇ ಹೋಯಿತು ಅಂತ ಒಂದು ಸಲ, ಗೆದ್ದೇ ಬಿಟ್ಟಿತು ಅಂತ ಇನ್ನೊಂದು ಸಲ. ಕನ್ನಡ ಪತ್ರಿಕೆಗಳ ವಿಜ್ಞಾನ ಸುದ್ದಿಗೆ ಇಂಥ ತಲೆಬರಹ ನೋಡಿದಾಗೆಲ್ಲ ಬೇಜಾರಾಗುತ್ತದೆ. ಎಷ್ಟು ನಿರೀಕ್ಷೆ ಇತ್ತು, ಎಷ್ಟು ಸಿಕ್ಕಿತು ಅನ್ನುವುದೇ ಅದರಲ್ಲಿ ಇರುವುದಿಲ್ಲ.

ನಮ್ಮ ಕ್ಷೀರಪಥವನ್ನು ಸುತ್ತುವ ಕುಬ್ಜ, ಅಂದರೆ ತೀರಾ ಪುಟ್ಟ, ಗ್ಯಾಲಕ್ಸಿಗಳನ್ನೇ ತಗೊಳ್ಳಿ. ಡಾರ್ಕ್ ಮ್ಯಾಟರ್ ಅಂದರೆ ನಿಧಾನವಾಗಿ ಚಲಿಸುವ, ಬೆಳಕು ಬೀರದ ಕಣಗಳು ಅಂತ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ, ನಮ್ಮಂಥ ಗ್ಯಾಲಕ್ಸಿಯ ಸುತ್ತ ಡಾರ್ಕ್ ಮ್ಯಾಟರಿನ ಸಣ್ಣ ಮುದ್ದೆಗಳು ನೂರಾರು ಇರಬೇಕು ಅಂತ 1999ರಲ್ಲಿ ಎರಡು ತಂಡಗಳು ತೋರಿಸಿದವು. ಒಂದೊಂದು ಮುದ್ದೆಯಲ್ಲೂ ಒಂದು ಕುಬ್ಜ ಗ್ಯಾಲಕ್ಸಿ ಇರಬೇಕು ಅಂದುಕೊಂಡರೆ, ಆಗ ಗೊತ್ತಿದ್ದವು ಹತ್ತು ಹನ್ನೆರಡು ಅಷ್ಟೇ. ಅನುಮಾನ ಬರುವುದು ಸಹಜ ಅಲ್ವಾ? ಆದರೆ ಹುಡುಕಾಟವೂ ಆಗ ಸಾಕಷ್ಟು ಆಗಿರಲಿಲ್ಲ. 2005ರಿಂದೀಚೆಗೆ ಸ್ಲೋನ್ ಸರ್ವೆ, 2015ರಲ್ಲಿ ಡಾರ್ಕ್ ಎನರ್ಜಿ ಸರ್ವೆ ಅನ್ನುವ ಆಕಾಶದ ಸಮೀಕ್ಷೆಗಳು ತೀರಾ ಮಂಕಾದವುಗಳನ್ನೂ ಹೆಕ್ಕಿ ತೆಗೆದವು, ಈಗ ಲೆಕ್ಕ ಅರವತ್ತರ ಆಸುಪಾಸಿನಲ್ಲಿದೆ. ಜೊತೆಗೆ, ಸಣ್ಣ ಮುದ್ದೆಗಳಲ್ಲಿ ಹೆಚ್ಚಿನವು ನಕ್ಷತ್ರ ಹುಟ್ಟಿಸುವ ಹಾಗೇ ಇರಲಿಲ್ಲ. ಮೊದಮೊದಲ ನಕ್ಷತ್ರಗಳ ಅತಿನೇರಳೆ ಬೆಳಕಿಗೆ ಅನಿಲ ಕಾದುಹೋಯಿತು, ಅದನ್ನು ಹಿಡಿದಿಡುವಷ್ಟು ಸೆಳೆತ ಅವಕ್ಕಿರಲಿಲ್ಲ.

ಸೆಗ್ಯೂ 1 ಅನ್ನುವ ಕುಬ್ಜ ಗ್ಯಾಲಕ್ಸಿಯನ್ನು ನೋಡಿ. ಸುಮಾರು 75,000 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಎಲ್ಲ ನಕ್ಷತ್ರಗಳ ಬೆಳಕು ಕೂಡಿಸಿದರೂ ಕೆಲವು ನೂರು ಸೂರ್ಯರಷ್ಟು, ಒಂದೇ ಒಂದು ದೈತ್ಯ ನಕ್ಷತ್ರ ಇದಕ್ಕಿಂತ ಜಾಸ್ತಿ ಬೆಳಗಬಲ್ಲದು! ಆದರೆ ಅಲ್ಲಿನ ನಕ್ಷತ್ರಗಳ ವೇಗಗಳಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಕಿಲೋಮೀಟರಿನಷ್ಟು ಏರುಪೇರು ಇದೆ. ಹಾಗಿದ್ದೂ ಅವು ಚದುರಿಹೋಗದೆ ಇರಬೇಕಾದರೆ ಲಕ್ಷಗಟ್ಟಲೆ ಸೂರ್ಯರ ತೂಕ ಅಲ್ಲಿ ಅಡಗಿರಬೇಕು. ಇದನ್ನು ಓದಿದ ಯಾವ ಹೈಸ್ಕೂಲ್ ಹುಡುಗಿ ತಾನೆ ಪತ್ರಿಕೆ ಮಡಚಿಟ್ಟಾಳು?

ಎಲ್ಲ ಬಗೆಹರಿದಿದೆ ಅಂತಲೂ ಅಲ್ಲ. ಕ್ಷೀರಪಥದ, ಪಕ್ಕದ ಗ್ಯಾಲಕ್ಸಿ ಆಂಡ್ರೊಮಿಡಾದ ಕುಬ್ಜರಲ್ಲಿ ಹಲವು ಒಂದೇ ತೆಳು ತಟ್ಟೆಯಲ್ಲಿ ಸಾಲಾಗಿರುವುದು ಯಾಕೆ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಕೆಲವು ಕುಬ್ಜ ಗ್ಯಾಲಕ್ಸಿಗಳ ನಡುಭಾಗದಲ್ಲಿ ಡಾರ್ಕ್ ಮ್ಯಾಟರ್ ಲೆಕ್ಕ ಹೇಳಿದಷ್ಟು ಒತ್ತಾಗಿ ಕಾಣುತ್ತಿಲ್ಲ. ಕಣಗಳು ಹಗುರವಾಗಿ ವೇಗವಾಗಿದ್ದಿದ್ದರೆ ಸಣ್ಣ ಮುದ್ದೆಗಳು ಕಟ್ಟಿಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಈ ಕುಬ್ಜರನ್ನು ಎಣಿಸಿದಷ್ಟೂ, ಡಾರ್ಕ್ ಮ್ಯಾಟರ್ ಎಂಥದ್ದಲ್ಲ ಅನ್ನುವುದು ಗೊತ್ತಾಗುತ್ತಾ ಹೋಗುತ್ತದೆ. ನನಗೆ ತುಂಬಾ ಹಿಡಿಸುವ ಭಾಗ ಇದೇ.

ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಿದೆ. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ, ಹತ್ತು ವರ್ಷದ ಸರ್ವೆ. ಇನ್ನು ಮುಂದೆ ಇಂಥ ಸುದ್ದಿ ಜಾಸ್ತಿಯಾಗುತ್ತದೆ. ಹೊಸ ಗ್ಯಾಲಕ್ಸಿ ಸಿಕ್ಕಿತು ಅಂತ ಸುಮ್ನೆ ಹಾಕದೆ, ಆ ದೂರದರ್ಶಕಕ್ಕೆ ಎಷ್ಟು ಮಂಕಾದದ್ದು ಕಾಣುತ್ತದೆ, ಲೆಕ್ಕ ಏನು ಹೇಳಿತ್ತು ಅನ್ನುವುದಕ್ಕೂ ಜಾಗ ಕೊಡಿ. ಕೇಳಿ ಬರೆಯಲು ನಿಮ್ಮ ವರದಿಗಾರರು ದೂರ ಹೋಗಬೇಕಿಲ್ಲ. ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ, ಸದಾಶಿವನಗರದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಇದೆ. ತಲೆಬರಹ ಕೊಡುವ ಮುಂಚೆ ಅಲ್ಲಿಗೊಂದು ಫೋನ್ ಮಾಡಿಸಿ.

– ನಿಮ್ಮ ಓದುಗ, ಬನಶಂಕರಿ, ಬೆಂಗಳೂರು